ಕೊನೇ ಸಾಲಿನವನಿಗೂ ಕೇಳಬೇಕು

(ತುಮಕೂರಿನಲ್ಲಿ ರಾಜ್ಯೋತ್ಸವದ ತಿಂಗಳು ಬಡಾವಣೆಯ ಗೆಳೆಯರು ಸೇರಿ ಮಾಡಿದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಮಧ್ಯೆ ಹಾಡಿ ತೋರಿಸಿದ್ದನ್ನು ಇಲ್ಲಿ ಬಿಟ್ಟಿದ್ದೇನೆ. ಅದು ಬರಹಕ್ಕೆ ಬರೋದಿಲ್ಲ, ಬಂದರೂ ಓದುವವರಿಗೆ ಅನುಕೂಲವೇನಿಲ್ಲ.)

ಎಲ್ಲರಿಗೂ ನಮಸ್ಕಾರ.

‘ನಿಮಗೆ ಇಷ್ಟವಾದ ಸಿನಿಮಾ ಹಾಡುಗಳ ಬಗ್ಗೆ ಮಾತಾಡಿ’ ಎಂದು ಕೇಳಿದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಆಮೇಲೆ ಪಟ್ಟಿ ಮಾಡೋಣ ಎಂದು ಕೂತರೆ ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮುಗಿದರೂ, ಪಟ್ಟಿಯನ್ನು ನಾನು ಓದಿ ನೀವು ಕೇಳಿ ಏನು ಪ್ರಯೋಜನ? ನಿಮ್ಮ ನಿಮ್ಮ ಮೊಬೈಲ್‌ನಲ್ಲಿ ನನ್ನದಕ್ಕಿಂತ ಒಳ್ಳೆ ಪಟ್ಟಿ ಇರುತ್ತೆ. ಅದಕ್ಕೇ ಪಟ್ಟಿ ಬಿಟ್ಟು ಒಂದು ಪ್ರಶ್ನೆ ಇಟ್ಟುಕೊಂಡು ಬಂದಿದ್ದೇನೆ. ಸಾವಿರಾರು ಹಾಡು ಕಿವಿಗೆ ಬೀಳುತ್ತವೆ. ಅದರಲ್ಲಿ ಕೆಲವು ಮಾತ್ರ ಬಾಯಿಗೆ ಬಂದು ಕೂರುತ್ತವೆ. ಯಾಕೆ?

ರಾಗ ಅಂತೀರಿ, ಗಾಯಕ ಅಂತೀರಿ, ಹೀರೋ ಅಂತೀರಿ. ಎಲ್ಲ ಸರಿ. ನನ್ನ ಉತ್ತರ ಬೇರೆ. ಮಾತು ಬಿಡಿಬಿಡಿಯಾಗಿ ಕೇಳಿಸುವ ಹಾಡು ಉಳಿಯುತ್ತೆ. ಕನ್ನಡ ಸಿನಿಮಾ ಹಾಡಿಗೆ ಆ ಗುಣ ಬಂದದ್ದು ಬಹಳಮಟ್ಟಿಗೆ ನಾಟಕ ಕಂಪನಿಯಿಂದ. ಕಂಪನಿ ಅಂದರೆ ಯಾವುದು ಎಂದು ತುಮಕೂರಿನವರಿಗೆ ಹೇಳಬೇಕಾಗಿಲ್ಲ. ಬಸ್ ಹತ್ತಿದರೆ ಅರ್ಧ ಗಂಟೆಯ ಮೇಲೆ ಸ್ವಲ್ಪ, ಗುಬ್ಬಿ ಬಂತು. ಜಿಲ್ಲೆಯ ಅಭಿಮಾನಕ್ಕೆ ಹೀಗೆ ಹೇಳ್ತಿದಾನೆ ಅನ್ನಿಸಿದರೆ, ಅದೂ ಸ್ವಲ್ಪ ಇದೆ, ಇಲ್ಲ ಅನ್ನಲ್ಲ.

ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿ, ಮುಂದೆ ಅದರ ಮಾಲೀಕರೇ ಆದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆ ತಂದು ನಿಲ್ಲಿಸಿದರು ಎಂಬ ಕಥೆ ನಿಮಗೆ ಗೊತ್ತು. ನನಗೆ ಆನೆಗಿಂತ ಮುಖ್ಯ ಅಲ್ಲಿ ಹಾಡುತ್ತಿದ್ದ ನಟರು. ಮೊದಮೊದಲು ಮೈಕ್ ಇಲ್ಲ. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಅದರ ಹಿಂದೆ ನೆಲ. ನೆಲದ ಮೇಲೆ ಕೂತವನೂ ಕಾಸು ಕೊಟ್ಟೇ ಬಂದಿರುತ್ತಾನೆ. ಅವನಿಗೆ ಪದ್ಯ ಕೇಳಿಸಬೇಕು, ಕೇಳಿಸಿದರೆ ಸಾಲದು, ಅರ್ಥ ಆಗಬೇಕು. ಯಾಕೆಂದರೆ ಕಥೆ ಮುಂದೆ ಹೋಗೋದೇ ಪದ್ಯದಲ್ಲಿ. ಇಷ್ಟವಾದರೆ ‘ಒನ್ಸ್ ಮೋರ್’. ಸತ್ತು ಬಿದ್ದ ಪಾತ್ರಧಾರಿ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯುತ್ತಿದ್ದ ಅಂತ ಹಳಬರು ಹೇಳಿ ನಗುತ್ತಿದ್ದರು.

ಆ ಶಿಸ್ತು ಹೇಗಿತ್ತು ಎಂಬುದನ್ನು ನಾನು ಕಂಪನಿಯಲ್ಲಿ ನೋಡಿದವನಲ್ಲ. ಹಳ್ಳಿ ನಾಟಕದಲ್ಲಿ ನೋಡಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಇವತ್ತಿಗೂ ಇಳಿದಿಲ್ಲ. ಇಲ್ಲೇ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಹಾದು ಹೋಗಿ, ‘ಕುರುಕ್ಷೇತ್ರ’ದ ಬ್ಯಾನರ್ ಒಂದಾದರೂ ಇರುತ್ತೆ. ಕಿರೀಟ ಹಾಕಿಕೊಂಡ ದುರ್ಯೋಧನನ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ‘ಕಂಟ್ರಾಕ್ಟರ್’ ಎಂದು ಬರೆದಿರುತ್ತೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ ಆಡ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ರೇಟು ಜಾಸ್ತಿ.

ನಮ್ಮೂರಲ್ಲಿ ಪ್ರಾಕ್ಟೀಸ್ ನಡೀತಿದ್ದಾಗ ನಾನು ತಾಳ ಹಾಕುವ ಹುಡುಗ. ನಾಟಕದ ಮೇಷ್ಟ್ರು ಬೇರೆ ಊರಿನವರು. ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಅವರದ್ದು, ಬಲಗಡೆಯ ಒಂದೆರಡು ಮನೆ ಒತ್ತಿದರೆ ಏಳುತ್ತಲೇ ಇರಲಿಲ್ಲ, ಬೆರಳಿನಿಂದ ಎತ್ತಿಬಿಡಬೇಕಿತ್ತು. ಅವರು ಹೊಸ ಪದ್ಯ ಕಲಿಸುವಾಗ ಮೊದಲು ಶ್ರುತಿ ಕೊಡುತ್ತಿರಲಿಲ್ಲ. ‘ಸುಮ್ನೆ ಹೇಳು, ನಿಮ್ಮಪ್ಪನ ಹತ್ರ ಜಗಳ ಆಡೋ ಥರ ಹೇಳು’ ಅನ್ನೋರು. ಅವನು ಹೇಳಿದ ಮೇಲೆ ಎದ್ದು ಕಣದ ಆ ಕೊನೆಗೆ ಹೋಗಿ ಹುಲ್ಲಿನ ಮೆದೆಗೆ ಒರಗಿ ನಿಂತು, ‘ಈಗ ಹಾಡು’ ಅನ್ನೋರು. ರಾಗ ಎಷ್ಟೇ ಚೆನ್ನಾಗಿ ಎಳೆದಿರಲಿ, ಒಂದು ಅಕ್ಷರ ನುಂಗಿದರೆ ಅಲ್ಲಿಂದಲೇ ಕೂಗು: ‘ಏನಂದೆ? ನಂಗೇನೂ ಕೇಳಿಸ್ಲಿಲ್ಲ!’ ದುರ್ಯೋಧನ ಆಗಿದ್ದವನು ಊರಿಗೇ ದೊಡ್ಡ ಮನುಷ್ಯ. ಅವನನ್ನೂ ಬಿಡ್ತಿರಲಿಲ್ಲ. ಪದ ಒಡೆದರಂತೂ ಮುಗೀತು. ಉಸಿರು ಸಾಲದೆ ‘ದ್ರೌಪ’ ಎಂದು ನಿಲ್ಲಿಸಿ ‘ದಿ’ ಎಂದು ತಾಳದ ಮುಂದಿನ ಸುತ್ತಿಗೆ ತಂದವನನ್ನು ಅವರು ಏನೆಂದು ಬೈದರು ಎಂಬುದನ್ನು ಇಲ್ಲಿ ಹೇಳೋಕಾಗಲ್ಲ, ಹೆಂಗಸರು ಮಕ್ಕಳು ಕೂತಿದ್ದೀರಿ.

ಈ ಕಿವಿ ಇಟ್ಟುಕೊಂಡು ಹಳೆ ಸಿನಿಮಾ ಹಾಡು ಕೇಳಿ ನೋಡಿ. 1954ರ ‘ಬೇಡರ ಕಣ್ಣಪ್ಪ’. ಅದು ಮೊದಲು ಕಂಪನಿಯ ನಾಟಕ. ತೆರೆಯ ಮೇಲೆ ರಾಜ್‌ಕುಮಾರ್, ನಮ್ಮ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್. ಮೂವರೂ ಗುಬ್ಬಿ ಕಂಪನಿಯ ಅನ್ನ ತಿಂದವರು. ಅದರ ‘ಶಿವಪ್ಪ ಕಾಯೋ ತಂದೆ’ ಹಾಡಿದ್ದು ಸಿ.ಎಸ್. ಜಯರಾಮನ್. ಗಂಟಲು ಪೂರ್ತಿ ಬಿಟ್ಟು ಹಾಡಿದ್ದಾರೆ. ಮುಂದೆ ಮೈಕ್ ಇದೆ ಎಂಬುದನ್ನೇ ಮರೆತವರ ಹಾಗೆ. ಹಸಿದವನು ದೇವರನ್ನು ಕೂಗುತ್ತಿದ್ದಾನೆ ಎಂಬುದು ಪಲ್ಲವಿಯಲ್ಲೇ ಗೊತ್ತಾಗುತ್ತೆ. ಒಂದು ಮಾತೂ ವ್ಯರ್ಥವಿಲ್ಲ. ನನ್ನ ಮೆಚ್ಚಿನ ಹಾಡುಗಳಲ್ಲಿ ಇದನ್ನು ಮೊದಲು ಇಡುವುದು ಹಳೆಯದು ಎಂಬ ಗೌರವಕ್ಕಲ್ಲ. ಇವತ್ತಿಗೂ ಯಾವ ಮಗು ಕೇಳಿದರೂ ಎರಡನೇ ಸಲಕ್ಕೆ ಜೊತೆಗೆ ಹಾಡುತ್ತೆ, ಅದಕ್ಕೆ.

ಇಲ್ಲಿ ನಿಮ್ಮಲ್ಲಿ ಯಾರಾದರೂ ತಕರಾರು ತೆಗೆಯಬೇಕು. ‘ಹಾಗಾದರೆ ಪಿ.ಬಿ. ಶ್ರೀನಿವಾಸ್?’ ಸರಿಯಾದ ಪ್ರಶ್ನೆ. ಪಿ.ಬಿ.ಎಸ್. ಅವರನ್ನು ಕಂಪನಿ ಸ್ಟೇಜಿನ ಮೇಲೆ ಮೈಕ್ ಇಲ್ಲದೆ ನಿಲ್ಲಿಸಿದ್ದರೆ ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲವೇನೋ. ಅಷ್ಟು ಮೆತ್ತನೆಯ ದನಿ. ಕಾಕಿನಾಡದಲ್ಲಿ ಹುಟ್ಟಿದವರು, ಮನೆಮಾತು ಕನ್ನಡವಲ್ಲ. ಆದರೂ ಸುಮಾರು ಎರಡು ದಶಕ ರಾಜ್ ಅವರ ತುಟಿಗೆ ದನಿ ಕೊಟ್ಟವರು ಅವರೇ.

ಉತ್ತರ ಹೀಗಿದೆ. ಮೈಕ್ ಬಂದ ಮೇಲೆ ಕೂಗುವ ಅಗತ್ಯ ತಪ್ಪಿತು. ಆದರೆ ಮಾತು ಬಿಡಿಸಿ ಹೇಳುವ ಅಗತ್ಯ ತಪ್ಪಲಿಲ್ಲ. ಕಂಪನಿಯಲ್ಲಿ ಬೆಳೆದ ನಟರು, ಕಂಪನಿಯಲ್ಲಿ ಬರೆದವರು ಇನ್ನೂ ಸುತ್ತ ಇದ್ದರು. ಕೇಳುವವರೂ ಅದೇ ಜನ, ನಿನ್ನೆ ನಾಟಕ ನೋಡಿದವರು ಇವತ್ತು ಟೆಂಟಿಗೆ ಬಂದವರು. 1960ರ ‘ಭಕ್ತ ಕನಕದಾಸ’ದಲ್ಲಿ ಪಿ.ಬಿ.ಎಸ್. ಹಾಡಿದ ‘ಬಾಗಿಲನು ತೆರೆದು’ ಕೇಳಿ. ದಾಸರ ಪದ, ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠ. ದನಿ ಏರುವುದೇ ಇಲ್ಲ. ಆದರೆ ‘ಸೇವೆಯನು ಕೊಡೊ’ ಎಂದಾಗ ಆ ‘ಕೊಡೊ’ ಕಿವಿಯ ಪಕ್ಕವೇ ನಿಂತು ಕೇಳಿದ ಹಾಗೆ ಇರುತ್ತೆ. ಅದೇ ವರ್ಷ ‘ದಶಾವತಾರ’ದಲ್ಲಿ ‘ವೈದೇಹಿ ಏನಾದಳೋ’. ಸಂಗೀತ ಜಿ.ಕೆ. ವೆಂಕಟೇಶ್, ಬರೆದವರು ಗುಬ್ಬಿ ಕಂಪನಿಯ ಅಯ್ಯರ್. ರಾಮ ಕಾಡಿನಲ್ಲಿ ನಿಂತು ಹುಡುಕುತ್ತಿದ್ದಾನೆ. ಅದು ಹಾಡು ಅನ್ನುವುದಕ್ಕಿಂತ ನಾಟಕದ ಪದ್ಯ ಅನ್ನಬಹುದು. ಪ್ರಶ್ನೆ ಕೇಳುತ್ತಾ ಕೇಳುತ್ತಾ ಮುಂದೆ ಹೋಗುತ್ತೆ, ಉತ್ತರ ಇಲ್ಲ. ನನಗೆ ಪಿ.ಬಿ.ಎಸ್. ಹಾಡಿದ್ದರಲ್ಲಿ ಒಂದೇ ಆರಿಸಿ ಅಂದರೆ ಇದನ್ನೇ ಆರಿಸುತ್ತೇನೆ. ‘ಎರಡು ಕನಸು’ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’ ಇಲ್ವಾ ಎಂದು ಮುಂದಿನ ಸಾಲಿನಿಂದ ಕೇಳ್ತಿದ್ದೀರಿ. ಇದೆ. ಎರಡನೇ ಸ್ಥಾನ.

ಆಮೇಲೆ 1974. ‘ಸಂಪತ್ತಿಗೆ ಸವಾಲ್’. ಇದೂ ಮೊದಲು ನಾಟಕವೇ, ಪಿ.ಬಿ. ಧುತ್ತರಗಿಯವರದ್ದು. ‘ಯಾರೇ ಕೂಗಾಡಲಿ’ ಹಾಡನ್ನು ರಾಜ್ ತಾವೇ ಹಾಡಿದರು. ಅದಕ್ಕೂ ಮೊದಲು ಅವರು ಹಾಡಿರಲಿಲ್ಲ ಎಂದಲ್ಲ. 1956ರ ‘ಓಹಿಲೇಶ್ವರ’ದಲ್ಲಿ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಹಾಡಿದ್ದಾರೆ. ಆದರೆ ಈ ಎಮ್ಮೆ ಹಾಡು ಎಲ್ಲವನ್ನೂ ಬದಲಾಯಿಸಿತು. ಅಪ್ಪ ಪುಟ್ಟಸ್ವಾಮಯ್ಯನವರ ಜೊತೆ ಕಂಪನಿಯಲ್ಲಿ ಬೆಳೆದ ಗಂಟಲು ಅದು. ಇಷ್ಟು ವರ್ಷ ಮಾತಾಡುತ್ತಿತ್ತು, ಈಗ ಹಾಡಿಗೂ ಬಂತು. ಎಮ್ಮೆ ಮೇಲೆ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳುವ ಹಾಡು. ಚಿ. ಉದಯಶಂಕರ್ ಬರೆದದ್ದನ್ನು ಅವರು ಹಾಡುವಾಗ, ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತು ಎಂದು ಗುರುತಿಸೋದೇ ಕಷ್ಟ. ನಮ್ಮ ಮೇಷ್ಟ್ರು ಕಣದ ಆ ಕೊನೆಯಲ್ಲಿ ನಿಂತು ಕೇಳಿದ್ದರೆ ಫುಲ್ ಮಾರ್ಕ್ಸ್.

ಅದೇ ಗಂಟಲು ಮುಂದೆ ‘ಜೀವನ ಚೈತ್ರ’ದಲ್ಲಿ ‘ನಾದಮಯ’ ಹಾಡಿತು. ಉಪೇಂದ್ರ ಕುಮಾರ್ ಸಂಗೀತ, ತೋಡಿ ರಾಗ, 1992ರ ಚಿತ್ರ, ರಾಷ್ಟ್ರಪ್ರಶಸ್ತಿಯೂ ಬಂತು. ಆರ್ಕೆಸ್ಟ್ರಾದವರನ್ನು ಕೇಳಿ ನೋಡಿ, ಸ್ಟೇಜಿನ ಮೇಲೆ ‘ನಾದಮಯ’ ಬೇಕು ಅಂತ ಚೀಟಿ ಬಂದರೆ ಗಾಯಕನ ಮುಖ ನೋಡಬೇಕು.

ಸಂಗೀತದ ದೊಡ್ಡವರು ಸಿನಿಮಾಕ್ಕೆ ಬಂದಾಗ ಮಾತಿನ ಗತಿ ಏನಾಗುತ್ತೆ? ರಾಗಕ್ಕೆ ಸಾಹಿತ್ಯ ಬಲಿಯಾಗಬಹುದಲ್ವಾ? ಆಗಲಿಲ್ಲ. ಕೋಲಾರದಲ್ಲಿ ಹುಟ್ಟಿದ ಅ.ನ.ಕೃ. ಅವರ ಕಾದಂಬರಿ ‘ಸಂಧ್ಯಾರಾಗ’ 1966ರಲ್ಲಿ ಸಿನಿಮಾ ಆಯಿತು. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಅದರಲ್ಲಿ ಹಾಡಿದರು. ‘ನಂಬಿದೆ ನಿನ್ನ ನಾದ ದೇವತೆಯೇ’ ಎಂದು ಜೋಶಿಯವರು ಎತ್ತಿಕೊಂಡಾಗ ರಾಗದ ತಾನ ಎಲ್ಲಿಗೋ ಹೋಗಿ ಬರುತ್ತೆ. ಆದರೆ ‘ನಂಬಿದೆ’ ಎಂಬುದು ಪ್ರತಿ ಸಲವೂ ‘ನಂಬಿದೆ’ ಎಂದೇ ಕೇಳುತ್ತೆ.

ಒಂದು ಹಾಡಿನ ಮುಂದೆ ಮಾತ್ರ ನನ್ನ ಈ ವಾದ ನಿಲ್ಲೋದಿಲ್ಲ. 1977ರ ‘ಸನಾದಿ ಅಪ್ಪಣ್ಣ’ದ ‘ಕರೆದರೂ ಕೇಳದೆ’. ಎಸ್. ಜಾನಕಿಯವರ ದನಿ, ಬಿಸ್ಮಿಲ್ಲಾ ಖಾನ್ ಅವರ ಶಹನಾಯಿ. ಜಾನಕಮ್ಮ ಮಾತು ಬಿಡಿಸಿಯೇ ಹಾಡಿದ್ದಾರೆ. ಆದರೆ ನಿಜ ಹೇಳ್ತೀನಿ, ನಾನು ಅದನ್ನು ಕೇಳುವುದು ಮಾತಿಗಲ್ಲ. ಇವರು ಒಂದು ಸಾಲು ಮುಗಿಸಿದ ಮೇಲೆ ಶಹನಾಯಿ ಏನು ಉತ್ತರ ಕೊಡುತ್ತೆ ಎಂದು ಕಾಯ್ತಾ ಇರ್ತೀನಿ. ಎಲ್ಲ ಇಷ್ಟಕ್ಕೂ ಕಾರಣ ಕೊಡೋಕಾಗಲ್ಲ, ಬಿಡಿ.

ಈಗ ನಮ್ಮ ಜಿಲ್ಲೆಯ ಇನ್ನೊಂದು ದಾರಿಗೆ ಬರ್ತೀನಿ. ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿ. ದೊಡ್ಡರಂಗೇಗೌಡರ ಊರು. 1978ರಲ್ಲಿ ‘ಪರಸಂಗದ ಗೆಂಡೆತಿಮ್ಮ’ ಬಂತು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಲೋಕೇಶ್ ಗೆಂಡೆತಿಮ್ಮ. ಊರೂರು ತಿರುಗಿ ಸಾಮಾನು ಮಾರುವ ಪಾಪದ ಮನುಷ್ಯ. ಅದಕ್ಕೆ ಗೌಡರು ಬರೆದದ್ದು ‘ತೇರಾ ಏರಿ ಅಂಬರದಾಗೆ ನೇಸರು ನಗುತಾನೆ’. ಸಂಗೀತ ರಾಜನ್-ನಾಗೇಂದ್ರ, ಹಾಡಿದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ.

ಆ ಹಾಡಿನಲ್ಲಿ ಏನಿದೆ? ಸೂರ್ಯ ಹುಟ್ಟಿದ, ಗಿಡಮರ ತೂಗುತ್ತಿವೆ, ಹಕ್ಕಿ ಹಾಡುತ್ತಿವೆ. ಇಷ್ಟೇ. ಬೇರೆ ಯಾರಾದರೂ ಬರೆದಿದ್ದರೆ ಎರಡನೇ ಕ್ಲಾಸಿನ ಪದ್ಯ ಆಗುತ್ತಿತ್ತು. ಆದರೆ ಬೆಳಿಗ್ಗೆ ಎದ್ದು ಹೊಲದ ಕಡೆ ಹೋದವನಿಗೆ ಮಾತ್ರ ಸಿಗುವ ಖುಷಿ ಅದರಲ್ಲಿದೆ. ಹಳ್ಳಿಯವನು ಹಾಡುವಾಗ ಅವನ ಬಾಯಲ್ಲಿ ಪೇಟೆ ಕನ್ನಡ ತುರುಕಿಲ್ಲ. ಅದಕ್ಕೂ ಹಿಂದೆ ಸಿನಿಮಾದಲ್ಲಿ ಹಳ್ಳಿ ಭಾಷೆ ಬಂದರೆ ಬಹಳ ಸಲ ನಗಿಸೋಕೆ ಬರುತ್ತಿತ್ತು. ಇಲ್ಲಿ ನಗು ಇಲ್ಲ. ನೇಸರು ನಗ್ತಾನೆ, ನಾವಲ್ಲ. ರಾಜನ್-ನಾಗೇಂದ್ರ ಮೈಸೂರಿನ ಅಣ್ಣತಮ್ಮಂದಿರು, ರಾಗದ ಮೆರುಗು ಅವರಿಗೆ ನೀರು ಕುಡಿದಷ್ಟು ಸುಲಭ. ಈ ಹಾಡಿನಲ್ಲಿ ಅವರು ಮೆರುಗನ್ನು ಹಿಡಿದಿಟ್ಟು, ಸಾಲು ನಡೆಯುವಷ್ಟೇ ವೇಗದಲ್ಲಿ ರಾಗವನ್ನೂ ನಡೆಸಿದ್ದಾರೆ. ಎಸ್.ಪಿ.ಬಿ. ಅವರೂ ಅಷ್ಟೇ, ಗಿಮಿಕ್ಕು ಇಲ್ಲ. ತೆಲುಗು ಮನೆಮಾತಿನ ಗಾಯಕ, ಮೈಸೂರಿನ ಸಂಗೀತಗಾರರು, ಮಧುಗಿರಿ ಕಡೆಯ ಕವಿ. ಕೇಳಿದರೆ ಎಲ್ಲರೂ ಒಂದೇ ಊರಿನವರು ಅನ್ನಿಸುತ್ತೆ.

ಅದೇ ಗೌಡರು ‘ಆಲೆಮನೆ’ಗೆ ‘ನಮ್ಮೂರ ಮಂದಾರ ಹೂವೆ’ ಬರೆದರು. ಸಿ. ಅಶ್ವಥ್ ಮತ್ತು ವೈದಿ ಸಂಗೀತ. ಮದುವೆ ಮನೆ ಆರ್ಕೆಸ್ಟ್ರಾದಲ್ಲಿ ಇದನ್ನು ಹಾಡದ ಗಾಯಕನಿಲ್ಲ, ಹುಡುಗಿ ಕಡೆಯವರು ಕೇಳೇ ಕೇಳ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಪೇಪರಿನವರು ಪುಸ್ತಕಗಳ ಹೆಸರು ಹಾಕಿದರು. ನಮ್ಮ ಕಡೆ ಜನ ‘ನೇಸರು ನಗುತಾನೆ ಬರೆದೋರು’ ಅಂದರು.

ಬರೆದವರ ಹೆಸರು ಜನಕ್ಕೆ ಗೊತ್ತಿರುತ್ತಿದ್ದದ್ದಕ್ಕೆ ರೇಡಿಯೋ ಕಾರಣ. ಕೋರಿಕೆ ಕಾರ್ಯಕ್ರಮದಲ್ಲಿ ಹಾಡು ಹಾಕುವ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಲ್ಲ ಹೇಳೋರು. ಜೊತೆಗೆ ಕೇಳಿದವರ ಊರಿನ ಹೆಸರು. ನಮ್ಮ ತಾಲ್ಲೂಕಿನ ಯಾವುದಾದರೂ ಊರು ಬಂದರೆ ಅವತ್ತೆಲ್ಲ ಅದೇ ಸುದ್ದಿ. ಈಗ ಮೊಬೈಲ್‌ನಲ್ಲಿ ಹೀರೋ ಫೋಟೋ ಬರುತ್ತೆ, ಬರೆದವರ ಹೆಸರು ಹುಡುಕಿ ನೋಡಬೇಕು. ಅದು ನನಗೆ ಸಿಟ್ಟು ತರಿಸುವ ವಿಷಯ, ಜಾಸ್ತಿ ಹೇಳೋದಿಲ್ಲ.

ಹಂಸಲೇಖ ಅವರ ಬಗ್ಗೆ ಹೇಳಲೇಬೇಕು. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಊರಿನ ಹಿರಿಯರಿಗೆ ಸಹಿಸೋಕಾಗಲಿಲ್ಲ. ‘ಇದೇನ್ರೀ, ಹಾಡೋ ಹರಟೆಯೋ’ ಎಂದರು. ಹರಟೆಯೇ! ಹುಡುಗ ಹುಡುಗಿ ಮಾತಾಡ್ತಾರೆ, ಜಗಳ ಆಡ್ತಾರೆ, ಕಾಲೇಜಿನವರೆಲ್ಲ ಸೇರಿ ಪ್ರಶ್ನೆ ಕೇಳ್ತಾರೆ, ಎಲ್ಲ ಹಾಡಿನಲ್ಲೇ. ಇದು ಹೊಸದು ಎಂದು ಬೈದವರೂ ಹೊಗಳಿದವರೂ ಒಂದು ವಿಷಯ ಮರೆತರು. ಹಾಡಿನಲ್ಲೇ ಮಾತಾಡಿ ಹಾಡಿನಲ್ಲೇ ಕಥೆ ಮುಂದೆ ತಳ್ಳುವುದು ಕಂಪನಿ ನಾಟಕದ ಹಳೇ ಕಸುಬು. ದ್ರೌಪದಿಯ ಜಾಗಕ್ಕೆ ಕಾಲೇಜು ಹುಡುಗಿ ಬಂದಳು, ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡು, ರಥದ ಜಾಗಕ್ಕೆ ಬೈಕು. ಹಂಸಲೇಖ ಅವರೂ ನಾಟಕದ ನಂಟು ಇದ್ದವರೇ. ಸಾಹಿತ್ಯ, ಸಂಗೀತ ಎರಡೂ ಒಬ್ಬರದ್ದೇ ಆದ್ದರಿಂದ ಮಾತಿಗೆ ಎಲ್ಲಿ ಜಾಗ ಬಿಡಬೇಕು ಎಂದು ಅವರಿಗೆ ಗೊತ್ತಿತ್ತು. ಹುಡುಗರಿಗೆ ಇಡೀ ಕ್ಯಾಸೆಟ್ ಬಾಯಿಪಾಠ ಆದದ್ದು ಸುಮ್ನೆ ಅಲ್ಲ.

ಇದೇ ಎಳೆಯಲ್ಲಿ ಇನ್ನೊಂದು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ‘ಕಾರ್ ಕಾರ್’ ಹಾಡಿದವರು ಅವರೇ. ಮನೋಮೂರ್ತಿ ಸಂಗೀತ. ಅಮೆರಿಕದ ರಸ್ತೆ ನೋಡಿ ಬೆರಗಾಗುವ ಹಾಡು, ಆದರೆ ದನಿ ಪಕ್ಕಾ ಗುಬ್ಬಿ. ಆಟೋದಲ್ಲಿ, ಗಲಾಟೆಯ ಮಧ್ಯೆ, ಒಡೆದ ಸ್ಪೀಕರಿನಲ್ಲಿ ಹಾಕಿ, ಪ್ರತಿ ಪದ ಕೇಳುತ್ತೆ. ಈಗಿನ ಎಷ್ಟು ಹಾಡಿಗೆ ಈ ಮಾತು ಹೇಳಬಹುದು? ‘ಕೆಜಿಎಫ್’ ಹಾಡುಗಳನ್ನು ನಾನೂ ಥಿಯೇಟರಿನಲ್ಲಿ ಕೇಳಿ ರೋಮಾಂಚನಗೊಂಡವನೇ. ಮನೆಗೆ ಬಂದು ಒಂದು ಸಾಲು ಹೇಳೋಣ ಎಂದರೆ ಡ್ರಮ್ಸ್ ಮಾತ್ರ ನೆನಪಿಗೆ ಬಂತು. ಕೋಲಾರದ ಕಡೆಯವರು ಇದ್ದರೆ ಬೇಜಾರು ಮಾಡ್ಕೋಬೇಡಿ. ಅ.ನ.ಕೃ. ಅವರನ್ನು ಆಗಲೇ ಹೊಗಳಿದ್ದೇನೆ, ಲೆಕ್ಕ ಚುಕ್ತಾ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡು ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು, ‘ಇಳಯರಾಜ ಅವರನ್ನು ಪೂರ್ತಿ ಬಿಟ್ಟಿರಲ್ಲ, ಸ್ವಾಮಿ’ ಎಂದರು. ಬಿಟ್ಟದ್ದು ನಿಜ. ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಯಾರಿಗೆ ಇಷ್ಟವಿಲ್ಲ? ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಕೆಲಸ ಮಾಡಿದವರು. ಕನ್ನಡದ ಹಾಡು ಎಲ್ಲಿ ಉಸಿರು ತಗೊಳ್ಳುತ್ತೆ ಎಂದು ಅವರಿಗೆ ಮೊದಲೇ ಗೊತ್ತಿತ್ತು ಎಂದು ನನ್ನ ಭಾವನೆ.

ಪಾವಗಡದ ಕಡೆಯವರೊಬ್ಬರು ಎದ್ದು, ‘ನಮ್ಮ ಸುತ್ತಲೂ ಆಂಧ್ರ. ನಮ್ಮ ಟೆಂಟಿನಲ್ಲಿ ಆಟ ಶುರುವಾಗೋ ಮುಂಚೆ ಘಂಟಸಾಲ ಅವರ ನಮೋ ವೆಂಕಟೇಶ ಹಾಕೋರು. ನಮಗೆ ಅದೇ ಮೊದಲ ಹಾಡು. ಅದು ನಿಮ್ಮ ಲೆಕ್ಕದಲ್ಲಿ ಬರಲ್ವಾ?’ ಎಂದರು. ಬರುತ್ತೆ ಅಣ್ಣ, ಚೆನ್ನಾಗೇ ಬರುತ್ತೆ. ನಮ್ಮ ಕಡೆ ಟೆಂಟಿನಲ್ಲೂ ಅದೇ ಹಾಕುತ್ತಿದ್ದರು. ಅದು ಕೇಳಿಸಿದರೆ ಟಿಕೆಟ್ ಸಿಗುತ್ತೋ 
ಇಲ್ಲವೋ ಎಂದು ಓಡುವುದು. ಘಂಟಸಾಲ ಅವರು ತೆಲುಗು ನಾಟಕದ ಪದ್ಯ ಹಾಡುವ ಬಗೆಯನ್ನು ಸಿನಿಮಾಕ್ಕೆ ಒಗ್ಗಿಸಿದವರು. ಗಡಿಯ ಆ ಕಡೆಯೂ ಕೊನೇ ಸಾಲಿನವನು ಕಾಸು ಕೊಟ್ಟೇ ಬರ್ತಿದ್ದ.

ಕೊನೆಗೆ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಈಗಿನ ಕಾಲದ್ದು ಒಂದೂ ಇಲ್ವಾ?’ ಇದೆಯಮ್ಮ ಎಂದೆ. ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’. ಜಯಂತ ಕಾಯ್ಕಿಣಿ ಬರೆದದ್ದು. ಹಾಡಿದ ಸೋನು ನಿಗಮ್ ಉತ್ತರದವರು, ಆದರೂ ಒಂದು ಅಕ್ಷರ ಜಾರಿಸಿಲ್ಲ. ಅವಳು ನಕ್ಕುಬಿಟ್ಟಳು. ‘ಸರ್, ಅದು ಬಂದಿದ್ದು 2006ರಲ್ಲಿ. ನಾನು ಹುಟ್ಟೇ ಇರಲಿಲ್ಲ.’ ಸಭೆಯೂ ನಕ್ಕಿತು. ‘ಹಾಗಾದ್ರೆ ನೀನೇ ಹೇಳು’ ಎಂದೆ. ‘ಕಾಂತಾರ’ದ ‘ಸಿಂಗಾರ ಸಿರಿಯೆ’ ಎಂದಳು. ಮೈಕ್ ಕೊಟ್ಟೆ, ಪಲ್ಲವಿ ಹಾಡಿದಳು. ವಿಜಯ್ ಪ್ರಕಾಶ್ ಹಾಡಿದಷ್ಟು ಸಲೀಸಾಗಿ ಅಲ್ಲ, ಆದರೆ ಮಾತೆಲ್ಲ ಕೇಳಿಸಿತು. ಒಪ್ಪಿದೆ. ಚರಣ ಹಾಡು ಎಂದರೆ, ‘ಚರಣ ಬರಲ್ಲ ಸರ್, ರೀಲ್ಸ್‌ನಲ್ಲಿ ಅಷ್ಟೇ ಇರೋದು’ ಎಂದಳು.